ಗಂಟುನೋವಿನ ಮಾತ್ರೆ

ಶಾಲೆಯಲ್ಲಿದ್ದಾಗ ಮಾದಕ ವಸ್ತು ವಿರೋಧಿ ಜಾಥಾ ಎಂದರೆ ಬ್ಯಾನರಿನ ಒಂದು ತುದಿ ನನ್ನ ಕೈಯಲ್ಲೇ. ಮಕ್ಕಳಿಂದ ಘೋಷಣೆ ಕೂಗಿಸುತ್ತ ಪುಂಜಾಲಕಟ್ಟೆ ಪೇಟೆಯ ಉದ್ದಕ್ಕೂ ನಡೆಯುತ್ತಿದ್ದೆ. ನಡೆಯಲು ಗಂಟುನೋವಿನ ಕಾಲು ಏಳಬೇಕಲ್ಲ, ಅದಕ್ಕಾಗಿ ಹೊರಡುವ ಮೊದಲು ಸ್ಟಾಫ್ ರೂಮಿನಲ್ಲಿ ಒಂದು ನೋವಿನ ಮಾತ್ರೆ ನುಂಗುತ್ತಿದ್ದೆ. ಅದು ಅಫೀಮಿನ ಜಾತಿಯ ಮಾತ್ರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಡಾಕ್ಟರು ಬರೆದುಕೊಟ್ಟದ್ದು ಕೆಲವೇ ದಿನಗಳಿಗೆ. ಆದರೆ ಮೆಡಿಕಲ್ ಶಾಪಿನವನು ನನ್ನ ಹಳೆಯ ವಿದ್ಯಾರ್ಥಿ. "ಟೀಚರಿಗೆ ಎಂತ ಚೀಟಿ?" ಎಂದು ಕೇಳಿದಷ್ಟು ಕೊಡುತ್ತಿದ್ದ. ನಿವೃತ್ತಳಾದೆ, ಪಂಚಾಯತ್ ಸದಸ್ಯೆಯಾದೆ, ಗಂಟುನೋವೂ ಕಡಿಮೆಯಾಯಿತು, ಮಾತ್ರೆ ನಿಲ್ಲಲಿಲ್ಲ. ಬಿಟ್ಟರೆ ಬೆವರು, ನಡುಕ, ಮೈಮೇಲೆಲ್ಲ ಇರುವೆ ಹರಿದ ಹಾಗೆ. ಒಮ್ಮೆ ಆ ಅಂಗಡಿ ಮುಚ್ಚಿತ್ತೆಂದು ಬೆಳ್ತಂಗಡಿಗೆ ಬಸ್ಸು ಹತ್ತಿ, ಅಲ್ಲಿ ಗುರುತಿಲ್ಲದ ಅಂಗಡಿಯವನೆದುರು ಕೈಮುಗಿದು ನಿಂತೆ. ಮಕ್ಕಳಿಗೆ ಬುದ್ಧಿ ಹೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಆ ದಿನ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಳೆದ ವರ್ಷ ಒಬ್ಬ ವಕೀಲರು ನಮ್ಮ ಪಂಚಾಯತ್ ಸಭೆಗೆ ಬಂದರು. ಇಂಥ ಮಾತ್ರೆಗಳನ್ನು ಲೆಕ್ಕವಿಲ್ಲದೆ ಊರೂರಿಗೆ ತಲುಪಿಸಿದ ಕಂಪನಿಯೊಂದರ ಮೇಲೆ ಸುತ್ತಲಿನ ಕೆಲವು ಪಂಚಾಯತ್‌ಗಳು ದಾವೆ ಹೂಡಿದ್ದವು. ಕಂಪನಿ ರಾಜಿಗೆ ಬಂದಿತ್ತು. ರಾಜಿಯಲ್ಲಿ ಸೇರಿದ ಊರಿನ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆ ಚಟ ಬಿಡಿಸುವ ಡಾಕ್ಟರು ಬರುತ್ತಾರೆ, ಖರ್ಚು ಕಂಪನಿಯದ್ದು. ನಮ್ಮ ಊರಲ್ಲೂ ಈ ತೊಂದರೆ ಉಂಟೆಂದು ನಿರ್ಣಯ ಮಾಡಿದರೆ ಸಾಕು. ನನಗೆ ಆಸೆ ಹುಟ್ಟಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೇನೆಂದು ಹೆದರಿ ಚಿಕಿತ್ಸೆಯನ್ನು ಮುಂದೂಡುತ್ತ ಬಂದವಳು ನಾನು. ಇಲ್ಲಿಯ ಆರೋಗ್ಯ ಕೇಂದ್ರಕ್ಕಾದರೆ ಬಿಪಿ ನೋಡಿಸಲು ಹೋದೆ ಎನ್ನಬಹುದು.

"ನಮ್ಮಲ್ಲಿ ಅಂಥವರು ಇಲ್ಲ ಮಾರಾಯ್ರೆ," ಅಧ್ಯಕ್ಷರು ಹೇಳಿದರು. "ಉಂಟು ಅಂತ ಬರೆದುಕೊಟ್ರೆ ನಾಳೆ ಈ ಊರಿಗೆ ಯಾರು ಹೆಣ್ಣು ಕೊಡ್ತಾರೆ? ನಮ್ಮ ಹುಡುಗರಿಗೆ ಮದುವೆ ಆಗುವುದು ಬೇಡ್ವಾ?"

ಎಲ್ಲರೂ ಹೌದು ಹೌದೆಂದರು. ವಕೀಲರು ಫೈಲು ಮಡಚತೊಡಗಿದರು. ನಾನು ಎದ್ದು ನಿಂತೆ. ಹೇಗೆ ನಿಂತೆನೋ.

"ಅಂಥವರು ಇದ್ದಾರೆ. ನಾನೇ ಇದ್ದೇನೆ. ಮಾತ್ರೆ ಬಿಡ್ಲಿಕ್ಕೆ ಆಗ್ತಾ ಇಲ್ಲ ನನಗೆ."

ಅಧ್ಯಕ್ಷರು ಮನೆಯವರಂತೆ ಸಲಿಗೆಯಿಂದ ನಕ್ಕರು. "ಎಂತ ಟೀಚರ್ ನೀವು! ನಿಮ್ಮದು ಗಂಟುನೋವಿಗಲ್ವಾ? ಅದು ಮದ್ದು. ಇವರು ಹೇಳುವುದು ಗಾಂಜಾ ಗಿರಾಕಿಗಳಂಥವರ ವಿಷಯ."

ಪಕ್ಕದ ಸದಸ್ಯೆ ನನ್ನ ಸೆರಗು ಹಿಡಿದು, "ಕುಲ್ಲುಲೆ ಟೀಚರ್," ಎಂದು ತುಳುವಿನಲ್ಲಿ ಮೆಲ್ಲನೆ ಹೇಳಿ ಕುರ್ಚಿ ಹತ್ತಿರ ಸರಿಸಿದರು.

ಅಲ್ಲ, ಕೇಳಿ ಎನ್ನಬಹುದಿತ್ತು. ವಕೀಲರು ನನ್ನನ್ನೇ ನೋಡುತ್ತಿದ್ದರು. ಆದರೆ ಅಷ್ಟು ಮರ್ಯಾದೆಯಿಂದ ಕೂರಿಸುವಾಗ ಕೂರುವುದು ಎಷ್ಟು ಸುಖ! ಕೂತೆ. ನಮ್ಮ ಊರಲ್ಲಿ ಇಂಥ ತೊಂದರೆ ಇಲ್ಲ ಎಂಬ ನಿರ್ಣಯಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ, ನಾನೂ ಎತ್ತಿದೆ.