ಹುಗ್ಗಿ ಡಬ್ಬಿಯ ಹಬೆ

ಅಕ್ಕನಿಗೆ ನನ್ನ ವಿಮಾನ ಕಂಡರಾಗದು. ಇಂಗ್ಲೆಂಡಿನ ಲಫ್‌ಬರೋ ಹತ್ತಿರದ ಪುಟ್ಟ ಏರ್‌ಫೀಲ್ಡ್‌ನಲ್ಲಿ ನಾನೂ ಕೆಲವು ಗೆಳೆಯರೂ ಸೇರಿ ಇಟ್ಟುಕೊಂಡಿರುವ ಹಳೆಯ ನಾಲ್ಕು ಸೀಟಿನ ವಿಮಾನ ಅದು. ನಾನು ಪೈಲಟ್ ಲೈಸೆನ್ಸ್ ತೆಗೆದುಕೊಂಡಾಗಿನಿಂದ, ಸಂಕ್ರಾಂತಿಗೆ ಎಳ್ಳು ಬೀರಲು ಲೀಡ್ಸ್‌ನ ಅವಳ ಮನೆಗೆ ಹೋದಾಗಲೆಲ್ಲ ಒಂದೇ ರಾಗ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದವಳು, "ಆ ಡಬ್ಬಾ ಇನ್ನೂ ಮಾರಿಲ್ವೇನೇ?" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಫೋನಿನಲ್ಲಿ ಸ್ವಲ್ಪ ಬಗ್ಗಿದಳು. "ಅದ್ರಲ್ಲೇ ಬಾ. ಇಲ್ಲಿನ ಏರ್‌ಫೀಲ್ಡ್‌ಗೆ ನಾನೇ ಬಂದು ನಿಂತಿರ್ತೀನಿ. ನೆಟ್ಟಗೆ ಇಳಿದ್ರೆ, ಒಂದು ರೌಂಡ್ ಕೂರೋದ್ರ ಬಗ್ಗೆ ಯೋಚ್ನೆ ಮಾಡ್ತೀನಿ." ನನಗೆ ಅಷ್ಟೇ ಸಾಕಿತ್ತು. ಅಮ್ಮ ಹೋದ ಮೇಲೆ ನನಗೆ ಭೇಷ್ ಎನ್ನಬೇಕಾದವಳು ಅವಳೊಬ್ಬಳೇ.

ನಮ್ಮನೆಯವರು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಹುಗ್ಗಿಯ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತರು. ಮನೆ ಬಿಡುವ ಮುಂಚೆ ಒಲೆಯಿಂದ ಇಳಿಸಿದ್ದು, ಇನ್ನೂ ಸುಡುತ್ತಿತ್ತು. ಮೋಡ ತೆಳುವಾಗಿದೆ, ದಾಟಿದರೆ ಬಿಸಿಲು, ಮೋಡದೊಳಗೆ ಹಿಮಗಟ್ಟುವಷ್ಟು ಚಳಿಯಿಲ್ಲ ಎಂದಿತ್ತು ಮುನ್ಸೂಚನೆ. ಹೊರಗೇನೂ ಕಾಣದಾಗ ಮೀಟರುಗಳನ್ನೇ ನೋಡಿಕೊಂಡು ಹಾರಿಸುವ ತರಬೇತಿ ನನಗಿದೆ. ಮೋಡದೊಳಕ್ಕೆ ಹೊಕ್ಕೆವು.

ಸ್ವಲ್ಪ ಹೊತ್ತಿಗೆ ಎದುರಿನ ಗಾಜಿಗೆ ಬಿಳಿ ಪೊರೆ ಬಂತು.

"ರೀ, ಡಬ್ಬಿ ಮುಚ್ಚಳ ತೆಗೆದ್ರಾ? ಗಾಜೆಲ್ಲ ಹಬೆ ಕೂತಿದೆ," ಎಂದು ಗದರಿದೆ.

"ಒಂದೇ ಒಂದು ಗೋಡಂಬಿ ತಗೊಂಡೆ," ಎಂದು ಮುಚ್ಚಳ ಒತ್ತಿದರು.

ಗಾಜು ಒರೆಸಲು ಹೇಳಿದೆ. ಕರ್ಚೀಫಿನಿಂದ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಮೆಲ್ಲಗೆ, "ಇದು ಒಳಗಡೆ ಇಲ್ಲ ಕಣೆ," ಎಂದರು.

ರೆಕ್ಕೆಯ ಕಡೆ ತಿರುಗಿ ನೋಡಿದೆ. ಮುಂದಿನ ಅಂಚಿನುದ್ದಕ್ಕೂ ಫ್ರೀಜರಿನ ಗೋಡೆಗೆ ಕಟ್ಟುವಂಥ ಹಿಮ. ಅದನ್ನು ಕರಗಿಸುವ ಯಾವ ಸಾಧನವೂ ನಮ್ಮ ವಿಮಾನದಲ್ಲಿಲ್ಲ. ಹಿಮ ದಪ್ಪವಾದಷ್ಟೂ ರೆಕ್ಕೆ ನಮ್ಮನ್ನು ಎತ್ತಿ ಹಿಡಿಯಲಾರದು. ವೇಗದ ಮುಳ್ಳು ಆಗಲೇ ಇಳಿಯತೊಡಗಿತ್ತು.

ಇನ್ನೊಂದಿಷ್ಟು ಏರಿದರೆ ಬಿಸಿಲು ಸಿಕ್ಕೀತು. ಸಿಗದಿದ್ದರೆ? ಅಕ್ಕ ಬೇಲಿಯ ಹತ್ತಿರ ಕತ್ತು ಚಾಚಿಕೊಂಡು ನಿಂತಿರುತ್ತಾಳೆ. ಆ ಹೊತ್ತಿನಲ್ಲೂ ಅದು ನೆನಪಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ರೇಡಿಯೋದಲ್ಲಿ ಕಂಟ್ರೋಲ್‌ನವರಿಗೆ ಹೇಳಿ, ವಿಮಾನವನ್ನು ನಿಧಾನಕ್ಕೆ ಬಂದ ದಾರಿಗೆ ತಿರುಗಿಸಿದೆ. ಮೂಗು ತಗ್ಗಿಸಿ, ವೇಗ ಉಳಿಸಿಕೊಂಡು ಇಳಿದೆ. ಮೋಡದ ಕೆಳಗೆ ಹೊಲಗಳು ಕಂಡವು. ಅಲ್ಲಿನ ಬೆಚ್ಚಗಿನ ಗಾಳಿಗೆ ಹಿಮ ಸಡಿಲಾಗಿ ಚೂರುಚೂರಾಗಿ ಉದುರಿತು.

ಚಕ್ರ ನೆಲ ಮುಟ್ಟುವವರೆಗೂ ನಮ್ಮನೆಯವರು ಡಬ್ಬಿ ಅವುಚಿಕೊಂಡೇ ಇದ್ದರು. "ಬದುಕಿದೆಯಾ ಬಡಜೀವವೇ," ಎಂದು ಉಸಿರು ಬಿಟ್ಟು, ಇನ್ನೊಂದು ಗೋಡಂಬಿ ಬಾಯಿಗೆ ಹಾಕಿಕೊಂಡರು.

ಅಕ್ಕನಿಗೆ ಫೋನ್ ಮಾಡಿದೆ. "ಐಸ್ ಕಟ್ತು ಅಕ್ಕ, ವಾಪಸ್ ಬಂದ್ಬಿಟ್ವಿ. ಕಾರಲ್ಲಿ ಬರ್ತೀವಿ." ಅವಳು ಹ್ಞೂಂ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಮೋಟರ್‌ವೇ ಉದ್ದಕ್ಕೂ ನಾನು ಅವಳ ಬೈಗುಳಕ್ಕೆ ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಇನ್ನು ಈ ಜನ್ಮದಲ್ಲಿ ಅವಳು ನನ್ನ ಪಕ್ಕ ಕೂರುವುದಿಲ್ಲ ಎಂದುಕೊಂಡೆ.

ಬಾಗಿಲಲ್ಲೇ ಎಳ್ಳು ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು ಅಗಿದಳು. ನಾನು ಕಾದೆ.

"ನಿನ್ನ ಹಠ ನನಗೆ ಗೊತ್ತಿಲ್ವೇನೇ? ಹುಟ್ಟಿದಾಗಿಂದ ಹಿಡಿದದ್ದು ಬಿಟ್ಟವಳಲ್ಲ. ನನಗೆ ಭಯ ಇದ್ದದ್ದೇ ಅದರದ್ದು," ಎಂದಳು. "ನಾನು ಕಾಯ್ತಾ ನಿಂತಿದ್ರೂ ತಿರುಗಿಸ್ಕೊಂಡು ಹೋದ್ಯಲ್ಲ, ಇನ್ನು ಆ ಭಯ ಇಲ್ಲ. ಬೇಸಿಗೇಲಿ ಒಂದಿನ ಹೇಳು, ಬಂದು ಕೂರ್ತೀನಿ."

ತಣ್ಣಗಾದ ಹುಗ್ಗಿ ಬಿಸಿ ಮಾಡಲು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಗೋಡಂಬಿ ಎಲ್ಲಿ ಹೋಯಿತು ಎಂದು ಅಡುಗೆಮನೆಯಿಂದ ಕೂಗಿ ಕೇಳಿದಳು.