ಗುಲಾಬಿ ಸಾಲುಗಳಿಗೆ ಬೆಳಕು ತಂದ ಯಶೋಧಾ

ಬಾಗಲೂರಿನ ಕೆರೆ ದಾಟಿದ ಮೇಲೆ, ಹೊಸ ಲೇಔಟಿನ ಕಾಂಪೌಂಡಿಗೆ ಒತ್ತಿಕೊಂಡು ಯಶೋಧಾಳ ಗುಲಾಬಿ ತೋಟವಿದೆ. ಸುತ್ತಲಿನವರೆಲ್ಲ ಸೈಟು ಮಾಡಿ ಮಾರಿದರೂ ಅವಳೂ ಅವಳ ಗಂಡ ಜಗನ್ನೂ ಈ ತುಂಡು ನೆಲವನ್ನು ಉಳಿಸಿಕೊಂಡಿದ್ದರು. ಜಗನ್ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ತೋಟ ಪೂರ್ತಿ ಯಶೋಧಾಳದ್ದೇ. ಸಾಲುಗಳ ನಡುವೆ ದೊಡ್ಡ ಟ್ರಾಕ್ಟರ್ ನುಗ್ಗುವುದಿಲ್ಲವೆಂದು ಸಣ್ಣದೊಂದನ್ನು ಕೊಂಡಾಗ, ಡ್ರೈವರ್ ಇಡೋಣ ಎಂದಿದ್ದ ಜಗನ್. ಅವಳು ಸೆರಗು ಸಿಕ್ಕಿಸಿ ತಾನೇ ಹತ್ತಿ ಕೂತಳು. ಮೊದಲ ವಾರ ಒಂದು ಬೇಲಿ ಕಂಬ ಬಿತ್ತು. ಆಮೇಲೆ ಏನೂ ಬೀಳಲಿಲ್ಲ.

ಯಶೋಧಾ ಹುಟ್ಟಿದ್ದು ನಾಗಸಂದ್ರದಲ್ಲಿ. ಅಪ್ಪನಿಗೆ ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ಸ್ಕೂಲು ಬಿಟ್ಟು ಬಂದವಳು ಸುಟ್ಟ ಮೋಟಾರಿನಿಂದ ಹಳೆಯ ತಾಮ್ರದ ತಂತಿ ಬಿಚ್ಚುವ ಕೆಲಸಕ್ಕೆ ಕೂರುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ವಿದ್ಯೆ ಬೇಕಾಗಿರಲಿಲ್ಲ. ಕೆಟ್ಟ ಮಿಕ್ಸಿಗೆ, ಬೋರ್‌ವೆಲ್ಲಿನ ಸ್ಟಾರ್ಟರಿಗೆ ಆಗಾಗ ಕೈ ಹಾಕುವುದು ಬಿಟ್ಟರೆ ಅದನ್ನು ಅವಳೂ ಮರೆತಂತಿದ್ದಳು.

ಗುಲಾಬಿಗೆ ಬಿಸಿಲು ತಾಗಿದರೆ ಮೊಗ್ಗು ಬಿರಿದು ಬೆಲೆ ಕೆಡುತ್ತದೆ. ಹಾಗಾಗಿ ಕೋಳಿ ಕೂಗುವ ಮೊದಲೇ ಹೂ ಬಿಡಿಸಿ, ಬೆಳಗಾಗುವುದರೊಳಗೆ ಮಾರ್ಕೆಟ್ಟು ಮುಟ್ಟಿಸಬೇಕು. ಊರಿನ ಹೆಂಗಸರು ನಾಲ್ಕಾರು ಜನ ಬರುತ್ತಿದ್ದರು. ಅವರಲ್ಲಿ ಹಿರಿಯಳು ಗೋಪಾಲಮ್ಮ. ಕತ್ತಲಲ್ಲಿ ಬರೀ ಬೆರಳ ತುದಿಯಿಂದಲೇ ಯಾವ ಮೊಗ್ಗು ಇವತ್ತಿಗೆ, ಯಾವುದು ನಾಳೆಗೆ ಎಂದು ಗುರುತಿಸುವವಳು. ಹಣೆಗೆ ಕಟ್ಟುವ ಟಾರ್ಚುಗಳನ್ನು ಯಶೋಧಾ ತಂದುಕೊಟ್ಟಿದ್ದಳು. ಎರಡೇ ದಿನಕ್ಕೆ ಗೋಪಾಲಮ್ಮ ಬಿಚ್ಚಿಟ್ಟಳು, ಉಳಿದವರೂ ಹಾಗೇ ಮಾಡಿದರು. "ಉಳ ಎಲ್ಲಾ ಮಕಕ್ಕೇ ಬಂದು ಬೀಳ್ತವೆ ಕಣಮ್ಮ. ನಂಗೆ ಕತ್ಲೇ ವಾಸಿ."

ಒಂದು ದಿನ ಆ ಕತ್ತಲಲ್ಲೇ ಬುಡದ ಹತ್ತಿರವಿದ್ದ ಮೊಗ್ಗಿಗೆ ಕೈ ಚಾಚಿದ ಗೋಪಾಲಮ್ಮ ಚೀರಿದಳು. ಮುಳ್ಳು ಚುಚ್ಚಿತೆಂದುಕೊಂಡರು ಎಲ್ಲರೂ. ಕೈ ಊದುವುದನ್ನು ನೋಡಿದ ಮೇಲೆ ಹಾವು ಕಚ್ಚಿದ್ದೆಂದು ಗೊತ್ತಾಯಿತು. ಆಗತಾನೆ ಬಂದು ಮಲಗಿದ್ದ ಜಗನ್ನನ್ನು ಎಬ್ಬಿಸಿ, ಯಲಹಂಕದ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಯಶೋಧಾ ಆ ಕೈಯನ್ನು ಅಲುಗಾಡದಂತೆ ತನ್ನ ತೊಡೆಯ ಮೇಲೆ ಹಿಡಿದು ಕೂತಿದ್ದಳು.

"ಯಾವ ಹಾವು?" ಎಂದು ಡಾಕ್ಟರು ಕೇಳಿದರು. ಯಾರೂ ಅದನ್ನು ನೋಡಿರಲಿಲ್ಲ.

ಗೋಪಾಲಮ್ಮ ಉಳಿದಳು. ಆದರೆ ಬಲಗೈಯ ಎರಡು ಬೆರಳು ಮಡಚಲಾರದಾದವು. ಸುಧಾರಿಸಿಕೊಂಡು ಮತ್ತೆ ಬುಟ್ಟಿ ಹಿಡಿದು ಗೇಟಿನ ಹತ್ತಿರ ಬಂದು ನಿಂತಾಗ ಯಶೋಧಾ, "ಬೇಡಕ್ಕ, ನೀವು ಮನೇಲೇ ಕೂತು ಹೂ ಕಟ್ಟಿಕೊಡಿ ಸಾಕು" ಎಂದಳು.

"ಕಟ್ಟಕ್ಕೆ ಬೆಳ್ಳು ಮಡ್ಚಬೇಕಲ್ಲಮ್ಮ. ಬಿಡ್ಸಕ್ಕಾದ್ರೆ ಎಡಗೈ ಐತೆ" ಎಂದು ಗೋಪಾಲಮ್ಮ ಸಾಲಿಗಿಳಿದಳು.

ಸಾಲುಗಳಿಗೆ ಬೆಳಕು ತರಲೇಬೇಕೆಂದು ಆ ದಿನವೇ ಯಶೋಧಾ ನಿರ್ಧಾರ ಮಾಡಿದಳು. ತೋಟಕ್ಕೆ ಕಂಬ ನೆಟ್ಟು ಲೈಟು ಹಾಕಿಸಲು ಬೆಳಗಿನ ಜಾವದ ಕರೆಂಟನ್ನು ನಂಬುವಂತಿರಲಿಲ್ಲ. ಬಿಡಿಸುವ ಸಾಲೂ ದಿನಕ್ಕೊಂದು ಕಡೆ. ಸಾಲಿನಿಂದ ಸಾಲಿಗೆ ಹೋಗಬಲ್ಲದ್ದು ಟ್ರಾಕ್ಟರೊಂದೇ.

ಯಲಹಂಕದಿಂದ ನಾಲ್ಕು ಹ್ಯಾಲೊಜೆನ್ ದೀಪ ತಂದು, ಮಡ್‌ಗಾರ್ಡಿನ ಮೇಲೆ ಬಿಗಿದು, ಹೆಡ್‌ಲೈಟಿನ ಸ್ವಿಚ್ಚಿನಿಂದಲೇ ತಂತಿ ಎಳೆದಳು. ಸಂಜೆ ಹೊತ್ತಿಸಿದಾಗ ತೋಟ ಬೆಳಗಿದ್ದೇ ಬೆಳಗಿದ್ದು. ಜಗನ್ ಶಿಳ್ಳೆ ಹಾಕಿದ. ಅಷ್ಟರಲ್ಲೇ ಕಮರು ವಾಸನೆ ಬಂತು. ಸ್ಟೀರಿಂಗ್ ಕೆಳಗೆ ಹೊಗೆ. ಯಶೋಧಾ ಸ್ಪ್ಯಾನರ್ ಹಿಡಿದು ಓಡಿ ಬ್ಯಾಟರಿಯ ಕೊಂಡಿ ಕಿತ್ತಳು. ಸ್ವಿಚ್ಚು ಬೆಲ್ಲದಂತೆ ಕರಗಿತ್ತು.

"ಗಾಡಿನೇ ಸುಟ್ಟಾಕ್ಬಿಡ್ತಿದ್ಯಲ್ಲೇ! ಸಾಕು ಬಿಡು" ಎಂದ ಜಗನ್.

ಅವಳು ಕರಗಿದ ಸ್ವಿಚ್ಚನ್ನು ಕವರಿನಲ್ಲಿ ಸುತ್ತಿಕೊಂಡು, ಮರುದಿನ ಯಲಹಂಕದ ಹಳೇ ಪೇಟೆಯಲ್ಲಿದ್ದ ಮುಜಫ್ಫರ್ ಭಾಯ್ ಅಂಗಡಿಗೆ ಹೋದಳು. ಲಾರಿ, ಟ್ರಾಕ್ಟರುಗಳ ವೈರಿಂಗ್ ಮಾಡುತ್ತಲೇ ತಲೆ ನರೆಸಿಕೊಂಡಿದ್ದ ಮನುಷ್ಯ. ಸ್ವಿಚ್ಚನ್ನು ಮೂಸಿ ನೋಡಿ ನಕ್ಕರು.

"ನೋಡೀಮ್ಮ, ನಿಮ್ ಗಾಡೀಲಿ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ಚಿಕ್ಕದು. ಎರಡು ಹೆಡ್‌ಲೈಟು, ಒಂದು ಹಾರ್ನು, ಮಿಕ್ಕಿದ್ರಲ್ಲಿ ಬ್ಯಾಟ್ರಿ ಚಾರ್ಜು. ಅಷ್ಟಕ್ಕೇ ಮಾಡಿರೋದು. ನೀವು ಮದುವೆ ಮನೆ ಲೈಟಿಂಗ್ ಮಾಡಕ್ಕೆ ಹೋಗಿದ್ದೀರ."

"ತಂತಿನೂ ಸಣ್ಣದಾಯ್ತು ಅಲ್ವಾ ಭಾಯ್?"

ಮುಜಫ್ಫರ್ ತಲೆಯೆತ್ತಿ ನೋಡಿದರು. "ಯಾರು ಹೇಳಿದ್ದು ನಿಮಗೆ?"

"ನಮ್ಮಪ್ಪ ವೈಂಡಿಂಗ್ ಮಾಡ್ತಿದ್ರು. ಸಣ್ಣ ತಂತಿ ಮೇಲೆ ದೊಡ್ಡ ಲೋಡ್ ಬಿಟ್ರೆ ಬಿಸಿ ಆಗುತ್ತೆ ಅಂತ ಗೊತ್ತಿತ್ತು. ಆತುರದಲ್ಲಿ ಮರ್ತೆ. ಈ ಸಲ ನೀವು ಹೇಳಿಕೊಡಿ, ಕೆಲ್ಸ ನಾನೇ ಮಾಡ್ತೀನಿ. ನಾಳೆ ತೋಟದ ಮಧ್ಯೆ ಕೆಟ್ರೆ ನಿಮ್ಮನ್ನ ಎಲ್ಲಿಂದ ಕರೀಲಿ?"

ಅವರಿಗೆ ಆ ಮಾತು ಹಿಡಿಸಿತು. ಮರುದಿನ ಅವಳ ಟ್ರಾಕ್ಟರು ಅವರ ಅಂಗಡಿಯ ಮುಂದೆ ಬಂತು. ಕಾರಿನದೊಂದು ದೊಡ್ಡ ಆಲ್ಟರ್ನೇಟರನ್ನು ಮುಜಫ್ಫರ್ ಹುಡುಕಿಟ್ಟಿದ್ದರು. ಅದನ್ನು ಕೂರಿಸಲು ಪಟ್ಟಿ ವೆಲ್ಡ್ ಮಾಡಿಸಿ, ಬೆಲ್ಟು ನೇರವಾಗಿ ಓಡುವಂತೆ ಹೊಂದಿಸಿದರು. ದೀಪದ ಕರೆಂಟು ಇನ್ನು ಮುಂದೆ ಸ್ವಿಚ್ಚಿನೊಳಗೆ ಹಾಯುವುದಿಲ್ಲ. ಸ್ವಿಚ್ಚು ಒತ್ತಿದರೆ ರಿಲೇ ಎನ್ನುವ ಪುಟ್ಟ ಡಬ್ಬಿಗೆ ಸನ್ನೆ ಹೋಗುತ್ತದೆ, ಅದು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರ ದೀಪಕ್ಕೆ ಕರೆಂಟು ಬಿಡುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. "ತಂತಿ ಎಲ್ಲಾದ್ರೂ ಉಜ್ಜಿ ಶಾರ್ಟ್ ಆದ್ರೆ ಇದು ಹೋಗ್ಲಿ, ಗಾಡಿ ಉಳೀಲಿ" ಎಂದರು ಮುಜಫ್ಫರ್. ಯಶೋಧಾ ತಂತಿಯ ತುದಿ ಸುಲಿದು, ಎಳೆ ಒಂದೂ ತುಂಡಾಗದಂತೆ ಹೊಸೆದು ಲಗ್ ಎನ್ನುವ ಲೋಹದ ಕೊಂಡಿಗೆ ಹಾಕಿ ಒತ್ತಿದ ರೀತಿ ನೋಡಿ, ಅವರು ಚಹಾ ತರಿಸಿ ಪಕ್ಕಕ್ಕೆ ಕೂತುಬಿಟ್ಟರು.

ಈ ಸಲ ಏನೂ ಸುಡಲಿಲ್ಲ. ಇಂಜಿನ್ ನಿಧಾನಕ್ಕೆ ಓಡಿದರೆ ದೀಪ ಮಂಕಾಗುತ್ತಿತ್ತು. ಸ್ವಲ್ಪ ಆಕ್ಸಿಲರೇಟರ್ ಏರಿಸಿಟ್ಟರೆ ಸರಿಹೋಗುತ್ತಿತ್ತು. ಯಶೋಧಾ ಗೆದ್ದೆನೆಂದುಕೊಂಡಳು. ಹೆಂಗಸರು ಬೆಳಕಲ್ಲಿ ಹೂ ಬಿಡಿಸಿದರು. ಆದರೆ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಕಡೆಗೆ ಗೋಪಾಲಮ್ಮನೇ ಬಾಯಿ ಬಿಟ್ಟಳು.

"ಬೈಬೇಡ ಕಣಮ್ಮ. ಕಣ್ಣಿಗೇನೋ ಚೆಂದಾಗೈತೆ. ಈ ಡಬಡಬ ಸದ್ದಲ್ಲಿ ಪಕ್ಕದೋಳು ಕೂಗಿದ್ರೂ ಕೇಳಲ್ಲ. ನಾಳೆ ಆವು ಬುಸ್ ಅಂದ್ರೆ ಕೇಳ್ತದಾ? ಒಗೆ ಬೇರೆ, ಎದೆ ಕಟ್ತದೆ."

ಯಶೋಧಾಳಿಗೆ ಒಂದು ಕ್ಷಣ ಸಿಟ್ಟು ಬಂತು. ಇಷ್ಟೆಲ್ಲ ಒದ್ದಾಡಿದ್ದು ಯಾರಿಗಾಗಿ? ಹೋಗಿ ಇಂಜಿನ್ ನಿಲ್ಲಿಸಿದಳು. ಗದ್ದಲ ನಿಂತದ್ದೇ, ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುವುದು, ಪಕ್ಕದ ಸಾಲಿನವಳ ಬಳೆಯ ಸದ್ದು ಎಲ್ಲ ಕೇಳಿಸಿತು. ಇಷ್ಟು ವರ್ಷ ಈ ಹೆಂಗಸರನ್ನು ಕಾಯ್ದದ್ದು ಅವರ ಕಿವಿ. ಬೆಳಕು ಕೊಡುವ ಭರದಲ್ಲಿ ತಾನು ಅದನ್ನೇ ಕಿತ್ತುಕೊಂಡಿದ್ದೆನೆಂದು ಅವಳಿಗೆ ಹೊಳೆಯಿತು. ಸಿಟ್ಟು ಅಲ್ಲೇ ಇಳಿಯಿತು.

"ಸರಿಯಾಗಿ ಹೇಳಿದ್ರಿ ಅಕ್ಕ. ಇನ್ನೊಂದು ವಾರ ತಡ್ಕೊಳಿ" ಎಂದಳು.

ಮುಜಫ್ಫರ್ ಭಾಯ್ ಜೊತೆ ಕೂತು ಯೋಚಿಸಿದಳು. ಇಂಜಿನ್ ನಿಲ್ಲಿಸಿ ಇದ್ದ ಬ್ಯಾಟರಿಯಲ್ಲೇ ದೀಪ ಉರಿಸಿದರೆ, ಬೆಳಗಾಗುವಾಗ ಗಾಡಿ ಸ್ಟಾರ್ಟ್ ಆಗುವುದಿಲ್ಲ. ದೀಪಕ್ಕೆಂದೇ ಎರಡನೆಯ ಬ್ಯಾಟರಿ ಬೇಕು. ಹಗಲು ಉಳುಮೆ ಮಾಡುವಾಗ, ಹೂವಿನ ಕ್ರೇಟು ಸಾಗಿಸುವಾಗ ದೊಡ್ಡ ಆಲ್ಟರ್ನೇಟರ್ ಎರಡನ್ನೂ ತುಂಬಿಸಲಿ. ಇಂಜಿನ್ ನಿಂತಾಗ ಎರಡನ್ನೂ ಬೇರೆ ಮಾಡುವ ಐಸೊಲೇಟರ್ ನಡುವೆ ಇರಲಿ.

"ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿದ್ರೆ ಬ್ಯಾಟ್ರಿ ಇನ್ನೂ ಹೊತ್ತು ಬರುತ್ತಲ್ವಾ ಭಾಯ್?" ಎಂದಳು ಯಶೋಧಾ.

"ನಾನೂ ಅದನ್ನೇ ಹೇಳಕ್ಕೆ ಬಾಯಿ ತೆಗೆದಿದ್ದೆ" ಎಂದರು ಅವರು.

ಈ ಸಲದ ಕೆಲಸವನ್ನು ಅವಳು ಮನೆಯಂಗಳದಲ್ಲಿ ಒಬ್ಬಳೇ ಮಾಡಿದಳು. ಬ್ಯಾಟರಿ ಅಲುಗದಂತೆ ತಟ್ಟೆ ಕೂರಿಸಿ, ಅದಕ್ಕೂ ಫ್ಯೂಸು ಹಾಕಿ, ತಂತಿಗಳು ಬಿಸಿ ಸೈಲೆನ್ಸರಿಗೆ ತಾಗದಂತೆ ಕೊಳವೆಯೊಳಗೆ ಎಳೆದಳು. ಆದರೂ ದೀಪ ಮಿಣುಕಿತು. ಊಟ ಬಿಟ್ಟು ಒಂದೊಂದೇ ಕೊಂಡಿ ನೋಡುತ್ತಾ ಬಂದಳು. ಕಡೆಗೆ ಸಿಕ್ಕಿತು: ಅರ್ತ್ ತಂತಿಯನ್ನು ಪೇಂಟಿನ ಮೇಲೇ ಬೋಲ್ಟ್ ಮಾಡಿದ್ದಳು, ಪೇಂಟು ಕರೆಂಟಿಗೆ ಅಡ್ಡವಾಗಿತ್ತು. ಉಪ್ಪುಕಾಗದದಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದಾಗ ಬೆಳಕು ಕದಲದೆ ನಿಂತಿತು. ಜಗನ್ ಹೊರಗೆ ಬಂದು ನೋಡಿ, ಒಳಗೆ ಹೋಗಿ ಅವಳಿಗೆ ತಟ್ಟೆಯಲ್ಲಿ ಅನ್ನ ಸಾರು ಕಲಸಿಕೊಂಡು ಬಂದ. ಅವಳ ಕೈ ಗ್ರೀಸಾಗಿತ್ತು. ಅವನೇ ತಿನ್ನಿಸಿದ.

ಹೊಸ ದೀಪಗಳನ್ನು ಎತ್ತರದ ಪೈಪಿಗೆ ಕಟ್ಟಿ ಕೆಳಮುಖ ಮಾಡಿದ್ದಳು. ಕಣ್ಣಿಗೆ ರಾಚುತ್ತಿರಲಿಲ್ಲ, ಹುಳಗಳೆಲ್ಲ ಮೇಲೆಯೇ ಸುತ್ತುತ್ತಿದ್ದವು. ಮಾರನೆಯ ಬೆಳಗಿನ ಜಾವ ಸಾಲಿನ ತಲೆಯಲ್ಲಿ ಟ್ರಾಕ್ಟರ್ ನಿಲ್ಲಿಸಿ ಇಂಜಿನ್ ಆರಿಸಿದಳು. ಸ್ವಿಚ್ಚು ಒತ್ತಿದಳು. ಸದ್ದಿಲ್ಲದೆ ಬೆಳಕು ಬುಡದವರೆಗೂ ಇಳಿಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಜೊತೆಗೇ ಹೂ ಬಿಡಿಸಿದ್ದರೂ ಆ ಹೊತ್ತಿನಲ್ಲಿ ಅವರು ಒಬ್ಬರಿಗೊಬ್ಬರು ಬರೀ ದನಿಯಾಗಿದ್ದರು. ಡಬಡಬ ಸದ್ದಿನ ಆ ದಿನವೂ ಯಾರೂ ತಲೆಯೆತ್ತಿ ನೋಡಿರಲಿಲ್ಲ.

"ಅಯ್ಯೋ ಯಶೋದಮ್ಮ, ನಿಂಗೂ ತಲೆ ಬೆಳ್ಳಗಾಗ್ತಾ ಐತಲ್ಲೇ!" ಎಂದಳು ಗೋಪಾಲಮ್ಮ. ತೋಟವೆಲ್ಲ ನಕ್ಕಿತು.

ಮಳೆಗಾಲದಲ್ಲೊಮ್ಮೆ ಅದೇ ಬೆಳಕಿನಲ್ಲಿ ಕೊಳಕುಮಂಡಲ ಹಾವೊಂದು ಬುಡದಲ್ಲಿ ಸುತ್ತಿಕೊಂಡು ಮಲಗಿದ್ದು ಕಂಡಿತು. ಮೊದಲು ಕಂಡವಳು ಕೈಯೆತ್ತಿ ಎಲ್ಲರನ್ನೂ ತಡೆದಳು. ಅದು ನಿಧಾನವಾಗಿ ಬೇಲಿ ದಾಟಿ ಹೋಗುವವರೆಗೂ ಎಲ್ಲರೂ ದೂರ ನಿಂತರು. ಆಮೇಲೆ ಗೋಪಾಲಮ್ಮನೇ ಮೊದಲು ಬಗ್ಗಿ ಬುಟ್ಟಿ ಎತ್ತಿಕೊಂಡಳು.

ಈಗ ಸುತ್ತಮುತ್ತಲ ಹೂವಿನ ತೋಟದವರು ತಮ್ಮ ಸಣ್ಣ ಟ್ರಾಕ್ಟರುಗಳನ್ನು ಯಶೋಧಾಳ ಅಂಗಳಕ್ಕೆ ತರುತ್ತಾರೆ. ಎಷ್ಟು ದೀಪ ಬೇಕೆಂದು ಅವಳು ಮೊದಲು ಕೇಳುವುದಿಲ್ಲ. "ಹೂ ಬಿಡ್ಸೋರು ಯಾರು? ಅವ್ರನ್ನೂ ಕರ್ಕೊಂಡು ಬನ್ನಿ, ಅವ್ರಿಗೆ ಏನು ಬೇಕು ಅಂತ ಕೇಳೋಣ" ಎನ್ನುತ್ತಾಳೆ. ಬಂದ ಹೆಂಗಸರನ್ನು ಟ್ರಾಕ್ಟರಿನ ಪಕ್ಕ ಕೂರಿಸಿಕೊಂಡು, ಅವರು ಹೇಳಿದ್ದನ್ನೆಲ್ಲ ಕೇಳಿದ ಮೇಲೇ ಸ್ಪ್ಯಾನರಿಗೆ ಕೈ ಹಾಕುತ್ತಾಳೆ.