ಸರದಿ ತಪ್ಪದ ಹಾಡು

ನಾನು ಮೊದಲ ಸಲ ನೋಡಿದಾಗ ಅವರ ತಲೆಯ ಮೇಲೆ ಕಿತ್ತಳೆ ಬಣ್ಣದ ಕಸದ ಚೀಲವೊಂದು ಗಾಳಿ ತುಂಬಿಕೊಂಡು ಕೂತಿತ್ತು. ಚೀಲದ ಹಿಡಿಗಳನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದರು. ಕೈಯಲ್ಲಿ ಹಳೆಯ ದಿನಪತ್ರಿಕೆಯನ್ನು ಉದ್ದುದ್ದ ಸೀಳಿ ಕಟ್ಟಿದ ಪೊರಕೆಯಂಥ ಕಟ್ಟು. ಅರವತ್ತು ದಾಟಿದ, ಕುಳ್ಳಗಿನ ಕೊರಿಯಾದ ಹೆಂಗಸು. ಕೂಗಿ ಕೂಗಿ ಕತ್ತಿನ ನರಗಳು ಉಬ್ಬಿದ್ದವು. ಡಬ್ಲಿನ್ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಆ ಮನೆಗೆ ನಾನು ಬಾಡಿಗೆ ಕೋಣೆ ನೋಡಲು ಹೋಗಿದ್ದೆ. ಬಾಗಿಲು ತೆರೆದವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬೇಸ್‌ಬಾಲ್ ನಡೆಯುತ್ತಿದ್ದ ಟೀವಿಯ ಮುಂದೆ ಕೂರಿಸಿದರು. ತಮ್ಮ ತಂಡದ ಬ್ಯಾಟ್ಸ್‌ಮನ್ ಔಟಾಗುವವರೆಗೆ ಹಾಡಿ, ಆಮೇಲೆ ಚೀಲ ತೆಗೆದು ಮಡಿಸಿಟ್ಟು, ನನ್ನ ಹೆಸರು ಕೇಳಿದರು. ಇಂಥವರ ಮನೆಯಲ್ಲಿ ಇರಬೇಕೇ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಡಬ್ಲಿನ್ ಸುತ್ತಮುತ್ತ ಹುಲಿಯ ಹಾಲಾದರೂ ಸಿಕ್ಕೀತು, ಬಾಡಿಗೆ ಕೋಣೆ ಸಿಗುವುದಿಲ್ಲ. ಮಾರನೆಯ ವಾರವೇ ಪೆಟ್ಟಿಗೆ ತಂದೆ.

ನಾವು ಅವರನ್ನು ಓನರ್ ಆಂಟಿ ಎಂದು ಕರೆಯುತ್ತಿದ್ದೆವು. ನಾವು ಅಂದರೆ ನಾನು ಮತ್ತು ಪಕ್ಕದ ಕೋಣೆಯಲ್ಲಿದ್ದ ನನ್ನ ಗೆಳತಿ. ಅವಳು ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಇಲ್ಲಿಯೇ ಮಾಸ್ಟರ್ಸ್ ಮುಗಿಸಿ, ಹತ್ತಿರದ ಟೆಕ್ ಪಾರ್ಕಿನ ಕಂಪನಿಯೊಂದರ ಕೆಲಸವನ್ನು ಹೆಚ್ಚಿನ ದಿನ ಮನೆಯಿಂದಲೇ ಮಾಡುತ್ತಿದ್ದೆ. ಆಂಟಿ ಹುಟ್ಟಿದ್ದು ಬುಸಾನ್ ಎಂಬ ಬಂದರಿನಲ್ಲಿ. ಹಡಗಿನ ಎಂಜಿನಿಯರಾಗಿದ್ದ ಐರಿಷ್ ಗಂಡನನ್ನು ಕಟ್ಟಿಕೊಂಡು ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ದೂರದ ವಾಟರ್‌ಫರ್ಡ್ ಊರಿನಲ್ಲಿ ಕೆಲಸ. ಮಗು ಇಂಗ್ಲಿಷ್ ಒಂದನ್ನೇ ಕಲಿಯಲಿ ಎಂದು ಆ ಕಾಲದಲ್ಲಿ ಯಾರೋ ಬುದ್ಧಿ ಹೇಳಿದ್ದರಂತೆ. ಹೀಗಾಗಿ ಮಗನಿಗೆ ತಾಯಿಯ ಭಾಷೆ ಒಂದಕ್ಷರವೂ ಬಾರದು.

ಕೊರಿಯಾದಲ್ಲಿ ಸಂಜೆ ಶುರುವಾಗುವ ಬೇಸ್‌ಬಾಲ್ ಆಟ ನಮಗೆ ಬೆಳಗಿನ ಹೊತ್ತು ಬರುತ್ತಿತ್ತು. ಸೋಮವಾರ ಒಂದು ಬಿಟ್ಟು, ವಸಂತದಿಂದ ಶರತ್ಕಾಲದವರೆಗೆ ದಿನವೂ ಆಟ. ಆಂಟಿಯ ತಂಡ ಆ ದೇಶದಲ್ಲಿ ಲೀಗ್ ಶುರುವಾದಾಗಿನಿಂದ ಇದ್ದದ್ದು. ಅದು ಸೈನ್ಯದವರ ಆಳ್ವಿಕೆಯ ಕಾಲ. ಬೀದಿಯಲ್ಲಿ ನಾಲ್ಕು ಜನ ಸೇರಿ ಕೂಗಿದರೆ ಪೊಲೀಸರು ಎತ್ತಿಹಾಕಿಕೊಂಡು ಹೋಗುತ್ತಿದ್ದರು, ಗಂಟಲು ಬಿಟ್ಟು ಕೂಗಬಹುದಾದ ಜಾಗ ಸ್ಟೇಡಿಯಂ ಒಂದೇ ಆಗಿತ್ತು ಎಂದು ಆಂಟಿ ಹೇಳುತ್ತಿದ್ದರು. ಅಲ್ಲಿ ಪತ್ರಿಕೆ ಸೀಳಿ ಬೀಸುತ್ತಿದ್ದರು. ಕಸ ತುಂಬಲೆಂದು ಕೊಟ್ಟ ಚೀಲವನ್ನು ಆಟ ಮುಗಿಯುವವರೆಗೆ ತಲೆಗೆ ಕಟ್ಟಿಕೊಂಡು ಕುಣಿಯುತ್ತಿದ್ದರು. ಎದ್ದು ಹೋಗುವಾಗ ತಾವು ಮಾಡಿದ ಕಸವನ್ನು ಅದೇ ಚೀಲದಲ್ಲಿ ತುಂಬಿ ಹೊರುತ್ತಿದ್ದರು. ಆಂಟಿಯ ಹರೆಯದಲ್ಲಿ ತಂಡ ಎರಡು ಸಲ ಗೆದ್ದಿತ್ತು. ಆಮೇಲೆ ದಶಕಗಳಿಂದ ಬರೀ ಸೋಲು, ಕೆಲವು ವರ್ಷವಂತೂ ಕಟ್ಟಕಡೆಯ ಸ್ಥಾನ. ನಾನು ಅವರಿಗೆ 'ಈ ಸಲ ಕಪ್ ನಮ್ದೇ' ಎಂಬುದನ್ನು ಕಲಿಸಿ ಅರ್ಥ ಹೇಳಿದೆ. ಅವರು ನಗಲಿಲ್ಲ. ಬೆಂಗಳೂರಿನಲ್ಲೂ ನಮ್ಮಂಥವರು ಇದ್ದಾರಲ್ಲ ಎಂದು ತಲೆದೂಗಿದರು.

ಅವರ ಅಭಿಮಾನಕ್ಕೆ ಮಡಿ ಮೈಲಿಗೆ ಇತ್ತು. ಒಬ್ಬೊಬ್ಬ ಬ್ಯಾಟ್ಸ್‌ಮನ್‌ಗೂ ಅವನದೇ ಒಂದು ಹಾಡು. ಅವನು ಬ್ಯಾಟು ಹಿಡಿದು ನಿಂತಾಗ ಮಾತ್ರ ಅದನ್ನು ಹಾಡಬೇಕು. ನಮ್ಮವರು ಬ್ಯಾಟ್ ಮಾಡುವಾಗ ಮಾತ್ರ ಕೂಗಬೇಕು, ಎದುರಾಳಿಗಳ ಸರದಿ ಬಂದರೆ ಬಾಯಿ ಮುಚ್ಚಿ ಕೂತು ಏನಾದರೂ ತಿನ್ನಬೇಕು. ಒಮ್ಮೆ ಪಾತ್ರೆ ತೊಳೆಯುತ್ತಾ ನಾನು ಯಾರದೋ ಹಾಡನ್ನು ಗುನುಗಿದೆ. ಆಂಟಿ ನಲ್ಲಿ ನಿಲ್ಲಿಸಿದರು.

"ಅವನು ಈಗ ಎಲ್ಲಿ ಆಡ್ತಿದಾನೆ? ನಿನ್ನ ಸಿಂಕಲ್ಲಾ?" ಎಂದರು.

ನನಗೆ ರೇಗಿತು. ಹಾಡಿಗೂ ಟೈಮ್‌ಟೇಬಲ್ಲೇ ಎಂದು ಗೊಣಗಿದೆ. ಹಾಡೆಂದರೆ ಕೆಲಸ, ಕೆಲಸವಿಲ್ಲದೆ ಅದನ್ನು ಹೊರಗೆ ತೆಗೆಯಬಾರದು ಎಂದರು. ಅಷ್ಟು ವರ್ಷ ಅವರ ಜೊತೆ ಇದ್ದೆ. ಸ್ನಾನದ ಮನೆಯಲ್ಲಾಗಲಿ ತೋಟದಲ್ಲಾಗಲಿ ಅವರು ಆ ಹಾಡುಗಳನ್ನು ಒಮ್ಮೆಯೂ ಸುಮ್ಮಸುಮ್ಮನೆ ಹಾಡಿದ್ದು ನಾನು ಕೇಳಲಿಲ್ಲ.

ಇವುಗಳ ನಡುವೆ ಒಂದು ಹಾಡು ಬೇರೆಯೇ ಇತ್ತು. ನಮ್ಮ ಬೌಲರ್ ಇದ್ದ ಹಾಗೆ ಆ ಆಟದಲ್ಲಿ ಪಿಚರ್. ಎದುರಾಳಿ ತಂಡದ ಪಿಚರ್ ಚೆನ್ನಾಗಿ ಹೊಡೆಸಿಕೊಂಡು, ಸಾಕು ಬಾ ಎಂದು ಅವನನ್ನು ಹೊರಗೆ ಕರೆದಾಗ, ಇಡೀ ಸ್ಟೇಡಿಯಂ ಕೈಬೀಸುತ್ತಾ ಅವನನ್ನು ಬೀಳ್ಕೊಡುವ ಹಾಡು. ಒಮ್ಮೆ ಹೊರಗೆ ಹೋದವನು ಆ ಆಟಕ್ಕೆ ಮತ್ತೆ ಬರುವಂತಿಲ್ಲ. ಧಾಟಿ ಜೋಗುಳದಷ್ಟು ಮುದ್ದಾಗಿದೆ, ಆದರೆ ನಿನ್ನ ಕೆಲಸ ಮುಗಿಯಿತು, ನಡೆ ಎಂಬುದೇ ಅದರ ಸಾರ. ಇದನ್ನು ಹಾಡುವಾಗ ಮಾತ್ರ ಆಂಟಿಯ ಕಣ್ಣಿನಲ್ಲಿ ತುಂಟತನ ಕಾಣುತ್ತಿತ್ತು.

ನನ್ನ ಕೆಲಸ ಹೋದ ಬೆಳಗ್ಗೆ ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಬಂದು ಅಳುತ್ತಾ ಕೂತಿದ್ದೆ. ವೀಸಾದ ಚಿಂತೆ, ಮನೆಗೆ ಏನು ಹೇಳಲಿ ಎಂಬ ಚಿಂತೆ. ಆಂಟಿ ಸಮಾಧಾನ ಮಾಡಲಿಲ್ಲ. ಬಿಸಿ ಗಂಜಿಯ ಬಟ್ಟಲನ್ನು ಮುಂದಿಟ್ಟು, "ಈಗ ಅವರ ಸರದಿ. ಕೂತು ತಿನ್ನು. ನಮ್ಮದು ಬಂದಾಗ ಗಂಟಲು ಬೇಕಾಗುತ್ತೆ" ಎಂದರು. ಬೇರೆ ಕೆಲಸ ಸಿಗುವವರೆಗೂ ದಿನಾ ಹೀಗೆಯೇ ತಿನ್ನಿಸಿದರು. ಹೆತ್ತವಳು ಹತ್ತಿರವಿದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಕಳೆದ ಬೇಸಿಗೆಯ ಒಂದು ದಿನ ನಾನು ಮಹಡಿಯಲ್ಲಿ ಮೀಟಿಂಗಿನಲ್ಲಿದ್ದೆ. ಕೆಳಗೆ ಟೀವಿಯಲ್ಲಿ ಅವರ ಮೆಚ್ಚಿನ ಆಟಗಾರನ ಹಾಡು ಜೋರಾಗಿ ಕೇಳುತ್ತಿತ್ತು. ಸ್ಟೇಡಿಯಂ ಹಾಡುತ್ತಿದೆ, ಆಂಟಿಯ ದನಿ ಇಲ್ಲ. ಓಡಿ ಇಳಿದೆ. ಮೇಜಿಗೂ ಕುರ್ಚಿಗೂ ನಡುವೆ ಬಿದ್ದಿದ್ದರು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ಗುರುತಿಸಿತು.

ಆಸ್ಪತ್ರೆಯಲ್ಲಿ ನೋಡಿದರೆ ಸ್ಟ್ರೋಕ್ ದೊಡ್ಡದಾಗಿತ್ತು. ಬಲಗೈ ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು, ಇಂಗ್ಲಿಷೂ ಇಲ್ಲ, ಕೊರಿಯನ್ನೂ ಇಲ್ಲ. ಹೌದು ಅಲ್ಲ ಎಂದು ತಲೆಯಾಡಿಸುವುದರಲ್ಲೂ ಗೊಂದಲ. ನುಂಗಲು ಆಗದ ಕಾರಣ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ, ಚೀಲದಲ್ಲಿ ತೂಗುಹಾಕಿದ ದ್ರವಾಹಾರ ಬಿಡುತ್ತಿದ್ದರು. ಎಡಗೈಯಿಂದ ಮತ್ತೆ ಮತ್ತೆ ಅದನ್ನು ಕಿತ್ತು ಹಾಕುತ್ತಿದ್ದರು. ವಾರಗಳು ಉರುಳಿದವು, ಏನೂ ಮರಳಲಿಲ್ಲ, ಇನ್ನು ಮರಳುವ ಭರವಸೆ ತೀರಾ ಕಡಿಮೆ ಎಂದರು ವೈದ್ಯರು. ಕೊನೆಗೆ ಮಗನನ್ನು ಕೂರಿಸಿಕೊಂಡು ಕೇಳಿದರು. ಹೊಟ್ಟೆಗೇ ಕಾಯಂ ಟ್ಯೂಬ್ ಹಾಕಬಹುದು. ಹಾಕಿದರೆ ಹೀಗೆಯೇ ಮಲಗಿ ಎಷ್ಟೋ ಕಾಲ ಇರಬಹುದು. ಹಾಕದಿದ್ದರೆ ನೋವಾಗದಂತೆ ನೋಡಿಕೊಳ್ಳುತ್ತೇವೆ, ಆದರೆ ಹೆಚ್ಚು ದಿನ ಇರುವುದಿಲ್ಲ. ಇದರಲ್ಲಿ ನಿಮ್ಮ ತಾಯಿಗೆ ಯಾವುದು ಬೇಕಾಗಿತ್ತು?

ಮಗನಿಗೆ ಗೊತ್ತಿರಲಿಲ್ಲ. ಆಂಟಿ ಯಾರಿಗೂ ಹೇಳಿರಲಿಲ್ಲ.

ಆ ಹೊತ್ತಿಗೆ ಅವರು ಹಾಡಲು ಶುರುಮಾಡಿದ್ದರು. ನೀರು ಎನ್ನಲಾಗದ ಬಾಯಿಂದ ಪದ ಪದವೂ ಸ್ಪಷ್ಟವಾಗಿ ಹಾಡು ಹೊರಡುತ್ತಿತ್ತು. ವಾರ್ಡಿನವರಿಗೆ ಖುಷಿಯೋ ಖುಷಿ. ನರ್ಸ್ ಚಪ್ಪಾಳೆ ತಟ್ಟುತ್ತಿದ್ದಳು. ಮಗ ಫೋನ್ ಮಾಡಿ, ಅಮ್ಮ ಚೆನ್ನಾಗಿದ್ದಾರೆ, ಹಾಡ್ತಿದ್ದಾರೆ ಎಂದು ನನಗೆ ಸುದ್ದಿ ಕೊಟ್ಟ. ಟ್ಯೂಬ್ ಹಾಕಿಸುವುದೆಂದೇ ಅವನ ಮನಸ್ಸು ಓಡುತ್ತಿತ್ತು. ನಾನು ಹೋಗಿ ಕೇಳಿದೆ. ಅದು ಪಿಚರನ್ನು ಹೊರಗೆ ಕಳಿಸುವ ಹಾಡು. ಆಹಾರದ ಚೀಲ ತಂದು ಕಂಬಿಗೆ ತೂಗುಹಾಕಿದಾಗ, ಅದನ್ನೇ ನೋಡುತ್ತಾ, ಎಡಗೈ ಬೀಸುತ್ತಾ ಹಾಡುತ್ತಿದ್ದರು. ಬೇರೆ ಹೊತ್ತಿನಲ್ಲಿ ಇಲ್ಲ.

ಮನೆಗೆ ಬಂದು ಗೆಳತಿಗೆ ಹೇಳಿದೆ. ಅವಳು ಬೂಟು ಬಿಚ್ಚುತ್ತಿದ್ದವಳು ಹಾಗೇ ಕೂತಳು.

"ಹಾಡು ಮಿದುಳಿನ ಬೇರೆ ಕಡೆಯಿಂದ ಬರುತ್ತೆ ಕಣೆ. ಮಾತು ಹೋದೋರು ಭಜನೆ ಹೇಳ್ತಾರೆ, ಬೈಗುಳಾನೂ ಹೇಳ್ತಾರೆ. ಅರ್ಥ ಇಟ್ಕೊಂಡೇ ಹಾಡ್ತಾರೆ ಅಂತ ಹೇಳಕ್ಕಾಗಲ್ಲ."

"ಆದ್ರೆ ಆಂಟಿ ಸರದಿ ಬಿಟ್ಟು ಹಾಡೋರಲ್ಲ" ಎಂದೆ.

"ಅದು ಮೊದ್ಲಿನ ಆಂಟಿ" ಎಂದಳು. ಇನ್ನೊಂದು ಬೂಟು ಬಿಚ್ಚಿಟ್ಟು, ಗೊತ್ತಿದ್ದೂ ಮಗನಿಗೆ ಹೇಳದೆ ಇರುವುದು ಮಾತ್ರ ತಪ್ಪು ಎಂದೂ ಹೇಳಿದಳು.

ಹೇಳಿದೆ. ಮಗನ ಮುಖ ಕೆಂಪಾಯಿತು. ಅದೊಂದು ಆಟದ ಹಾಡು, ಅದರ ಮೇಲೆ ಅಮ್ಮನ ಜೀವ ಇಡಬೇಕೇ ಎಂದು ಕೇಳಿದ. ಅವನ ಸಿಟ್ಟು ನ್ಯಾಯವಾದದ್ದೇ. ಹಾಗಾದರೆ ನೀವೇ ನೋಡಿ ಎಂದೆ. ಮರುದಿನ ಬೆಳಗ್ಗೆ ವಾರ್ಡಿನ ಸಿಸ್ಟರ್ ಅವರ ಅನುಮತಿ ಪಡೆದು, ನನ್ನ ಫೋನಿನಲ್ಲಿ ಆ ಹೊತ್ತಿನ ಆಟ ಹಚ್ಚಿ, ದನಿ ಪೂರ್ತಿ ಮುಚ್ಚಿ, ಆಂಟಿಯ ಎದುರು ಹಿಡಿದೆ. ಎದುರಾಳಿಗಳ ಬ್ಯಾಟಿಂಗ್ ನಡೆಯುತ್ತಿತ್ತು. ಆಂಟಿ ಸುಮ್ಮನೆ ನೋಡಿದರು. ಸರದಿ ಬದಲಾಯಿತು. ಮೊದಲ ಬ್ಯಾಟ್ಸ್‌ಮನ್ ಬಂದ. ಅವನ ಹಾಡು ಹಾಡಿದರು. ಅವನು ಔಟಾದ, ನಿಲ್ಲಿಸಿದರು. ಎರಡನೆಯವನು ಬಂದ; ಅವನದು. ಮೂರನೆಯವನು ಹೊಸ ಹುಡುಗ, ಅವನ ಹಾಡು ನನಗೂ ಗೊತ್ತಿರಲಿಲ್ಲ, ಆಂಟಿಗೂ ಗೊತ್ತಿರಲಿಲ್ಲವೇನೋ, ತುಟಿ ಬಿಚ್ಚಲಿಲ್ಲ. ಮತ್ತೆ ಎದುರಾಳಿಗಳು ಬ್ಯಾಟು ಹಿಡಿದರು, ಆಂಟಿ ದಿಂಬಿಗೆ ಒರಗಿದರು. ಒಂದು ಸಲವೂ ತಪ್ಪಲಿಲ್ಲ. ಮಗ ಫೋನನ್ನೂ ತಾಯಿಯನ್ನೂ ನೋಡುತ್ತಾ ನಿಂತಿದ್ದ. ಅಷ್ಟರಲ್ಲಿ ನರ್ಸ್ ಆಹಾರದ ಚೀಲ ತಂದಳು. ಆಂಟಿ ಆಟದಿಂದ ಕಣ್ಣು ಕಿತ್ತು ಅದರ ಕಡೆ ತಿರುಗಿ, ಕೈ ಎತ್ತಿ, ಆ ಹಾಡು ಹಾಡಿದರು.

ಮಗ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತ. ಗಟ್ಟಿಮುಟ್ಟಾದ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಅವನು ವೈದ್ಯರ ಬಳಿ ನನ್ನನ್ನೂ ಕರೆದುಕೊಂಡು ಹೋದ. ಅವರು ನನ್ನನ್ನು ಬಹಳ ಪ್ರಶ್ನೆ ಕೇಳಿದರು. ಎಷ್ಟು ಕಾಲದಿಂದ ಬಲ್ಲಿರಿ, ಹಾಡಿನ ಅರ್ಥವೇನು, ಖಂಡಿತವಾಗಿ ಅದೇ ಹಾಡೇ. ಆಂಟಿಯಿಂದ ಬೇರೆ ಯಾವ ರೀತಿಯಲ್ಲೂ ಉತ್ತರ ಸಿಗದ ಮೇಲೆ ಅವರನ್ನು ಬಲ್ಲವರನ್ನೇ ಕೇಳಬೇಕಲ್ಲ. ಆಮೇಲೆ ಎರಡು ದಿನ ಆಂಟಿಯ ಪಕ್ಕ ನಿಂತು ವೈದ್ಯರೂ ನೋಡಿದರು. ಹೊಟ್ಟೆಯ ಟ್ಯೂಬ್ ಬೇಡವೆಂದಾಯಿತು. ಮೂಗಿನದನ್ನೂ ತೆಗೆದರು.

ತೆಗೆದ ಮೇಲೆ ಆಂಟಿ ಮತ್ತೆ ಹಾಡಲಿಲ್ಲ.

ಕೊನೆಯ ದಿನಗಳಲ್ಲಿ ಅವರು ಹೆಚ್ಚಾಗಿ ನಿದ್ದೆಯಲ್ಲೇ ಇದ್ದರು. ಮಗ ತಾಯಿಯ ತುಟಿ ಒದ್ದೆ ಮಾಡುತ್ತಾ ಹಾಸಿಗೆ ಬಿಟ್ಟು ಕದಲಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೇಳಿದ, ಎದುರಾಳಿ ಪಿಚರ್ ಹೊರಟರೆ ಆ ಹಾಡು, ನಮ್ಮವನೇ ಹೊರಟರೆ ಏನು ಮಾಡುತ್ತಾರೆ? ಹಾಡು ಇಲ್ಲ, ಎಲ್ಲರೂ ಎದ್ದು ನಿಂತು ಅವನ ಹೆಸರು ಕೂಗುತ್ತಾರೆ ಎಂದೆ. ಅವನು ಎದ್ದು ನಿಂತ. ಹುಟ್ಟಿದಾಗಿನಿಂದ ಮಾಮ್ ಎಂದೇ ಕರೆದವನು ತಾಯಿಯ ಹೆಸರು ಹಿಡಿದು ಕರೆದ. ಮೊದಲು ಮೆಲ್ಲಗೆ, ಉಚ್ಚಾರ ಸರಿಯಿದೆಯೇ ಎಂದು ಅಳುಕುತ್ತಾ. ಆಮೇಲೆ ಇಡೀ ವಾರ್ಡಿಗೆ ಕೇಳುವ ಹಾಗೆ. ನಾನೂ ಕರೆದೆ. ಆಂಟಿ ಕಣ್ಣು ತೆರೆಯಲಿಲ್ಲ. ಮರುದಿನ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಮಗ ನಮಗಿಬ್ಬರಿಗೂ ಚಹಾ ಮಾಡಿಕೊಟ್ಟ. ಮನೆ ಮಾರುವುದಾಗಿ ಹೇಳಿದ, ಬೇರೆ ಕೋಣೆ ಸಿಗುವವರೆಗೆ ಇರಿ ಎಂದ. ಗೆಳತಿ ಮಹಡಿಯ ಕೋಣೆಗೆ ಹೋದ ಮೇಲೆ ನನ್ನ ಕಡೆ ನೋಡದೆ ಮಾತಾಡಿದ.

"ನೀವು ಹೇಳಿದ್ದು ಸರಿ. ಹೇಳದೇ ಇದ್ದಿದ್ರೆ ಅಮ್ಮ ಇವತ್ತು ಇರ್ತಿದ್ರು. ಎರಡೂ ನಿಜ. ನಿಮ್ಮನ್ನ ನೋಡಿದಾಗೆಲ್ಲ ನಂಗೆ ಎರಡನೇದೇ ನೆನಪಾಗುತ್ತೆ. ಬೇಜಾರು ಮಾಡ್ಕೋಬೇಡಿ, ಇನ್ನು ಫೋನ್ ಮಾಡಲ್ಲ."

ಮಾಡಲೂ ಇಲ್ಲ. ನನಗೆ ಬೇಜಾರಿದೆ, ಆದರೆ ಅವನ ಮೇಲಲ್ಲ. ಸಾಲುಸಾಲು ಬೆಳಗುಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಜಿ ಕುಡಿಸಿ, ತಮ್ಮ ಊರಿನ ಹಾಡುಗಳ ಹೊತ್ತು ಗೊತ್ತು ಕಲಿಸಿದ ಆಂಟಿ, ಕೊನೆಯ ಮಾತನ್ನು ಹೆತ್ತ ಮಗನಿಗೆ ಹೇಳಲಾಗದೆ ನನ್ನ ಕೈಗೆ ಕೊಟ್ಟು ಹೋದರು. ಅದನ್ನು ಸರಿಯಾಗಿ ದಾಟಿಸಿದೆನೇ ಎಂದು ಕೇಳೋಣವೆಂದರೆ, ಉತ್ತರ ಗೊತ್ತಿದ್ದವರು ಅವರೊಬ್ಬರೇ.